ಸುಗಂಧರಾಯ ಆರಿಸಿದ ಟೊಮ್ಯಾಟೊ

ಒಂದು ಕಾಡಿನಲ್ಲಿ ಎಲ್ಲರ ಮನೆಯ ಹಿಂದೆಯೂ ಟೊಮ್ಯಾಟೊ ಗಿಡಗಳಿದ್ದವು. ಒಬ್ಬರ ಹಿತ್ತಲಿನ ಹಣ್ಣು ಇನ್ನೊಬ್ಬರ ಹಿತ್ತಲಿನ ಹಣ್ಣಿನಂತೆ ಇರಲಿಲ್ಲ. ಅದರಿಂದ ಯಾರಿಗೂ ತೊಂದರೆ ಆಗಿರಲಿಲ್ಲ.

ನಿಂಗಿ ಎಂಬ ಮೊಲ ಗೋಲಿಹಣ್ಣು ಬೆಳೆಯುತ್ತಿದ್ದಳು. ಗೋಲಿಯಷ್ಟೇ ಗಾತ್ರ, ಒಳ್ಳೆಯ ಸಿಹಿ. ಅವಳ ಮರಿಗಳು ಗಿಡದಿಂದಲೇ ಕಿತ್ತು ಬಾಯಿಗೆ ಹಾಕಿಕೊಳ್ಳುತ್ತಿದ್ದವು. ಜಾಂಬಣ್ಣ ಎಂಬ ಕರಡಿಗೆ ಮಡಿಕೆಹಣ್ಣು ಇಷ್ಟ. ಅದು ಕುಂಬಳಕಾಯಿಯಂತೆ ಮಡಿಕೆ ಮಡಿಕೆಯಾಗಿ ಊದಿಕೊಂಡು ಕೊಂಬೆಯನ್ನೇ ನೆಲಕ್ಕೆ ಎಳೆಯುತ್ತಿತ್ತು. ಒಂದು ಹಣ್ಣಿಗೆ ಒಂದು ಊಟ ಮುಗಿಯುತ್ತದೆ ಎಂದು ಜಾಂಬಣ್ಣ ಹೇಳುತ್ತಿದ್ದ. ಮುಗಿದದ್ದನ್ನು ಯಾರೂ ನೋಡಿರಲಿಲ್ಲ.

ಚೌಡವ್ವ ಎಂಬ ಮುಳ್ಳುಹಂದಿಯ ಹಿತ್ತಲಲ್ಲಿ ಮಾತ್ರ ಸಾರುಹಣ್ಣು ಇತ್ತು. ನೋಡಲು ಏನೂ ಅಲ್ಲ. ಚಪ್ಪಟೆ ಹಣ್ಣು, ತೆಳು ಸಿಪ್ಪೆ. ಎಷ್ಟು ಮಾಗಿದರೂ ತೊಟ್ಟಿನ ಹತ್ತಿರ ಹಸಿರು ಉಳಿಯುತ್ತಿತ್ತು. ಮಳೆ ಬಿದ್ದರೆ ಬಿರಿಯುತ್ತಿತ್ತು. ಆದರೆ ಎರಡು ಹಣ್ಣು ಹಿಚುಕಿ ಹಾಕಿದರೆ ದೊಡ್ಡ ಮಡಕೆಯ ಸಾರು ಹುಳಿಯಾಗುತ್ತಿತ್ತು. ಅಕ್ಕಪಕ್ಕದವರು ಒಂದೊಂದು ವರ್ಷ ನೆಟ್ಟು ನೋಡಿ, ಕಾಯಿ ಕಡಿಮೆ ಎಂದು ಬಿಟ್ಟಿದ್ದರು. ಸಾರು ಉಣ್ಣಬೇಕೆನಿಸಿದಾಗ ಮಾತ್ರ ಮಡಕೆ ಹಿಡಿದುಕೊಂಡು ಚೌಡವ್ವನ ಮನೆಗೆ ಬರುತ್ತಿದ್ದರು. ಹಾಗಾಗಿ ಆ ತಳಿಯ ಬೀಜ ಇಡೀ ಕಾಡಿನಲ್ಲಿ ಒಂದೇ ಕಡೆ ಇತ್ತು. ಅದು ಚೌಡವ್ವನ ಸೋರೆಬುರುಡೆಯೊಳಗೆ, ಬೂದಿಯ ಜೊತೆ. ಅವಳಿಗೆ ಅವಳ ಅವ್ವ ಕೊಟ್ಟದ್ದು. ಅವ್ವನಿಗೆ ಅವಳ ಅವ್ವ.

ಪ್ರತಿ ವರ್ಷ ಚಳಿ ಇಳಿಯುವ ಹೊತ್ತಿಗೆ, ಹಣ್ಣು ಇನ್ನೂ ಗಿಡದಲ್ಲಿರುವಾಗಲೇ, ಎಲ್ಲರೂ ಹೊಂಗೆ ಮರದ ಕೆಳಗೆ ಸೇರಿ ಬೀಜ ಹಂಚಿಕೊಳ್ಳುತ್ತಿದ್ದರು. ಅದಕ್ಕೊಂದು ಕ್ರಮವಿತ್ತು. ಬೀಜ ಕೊಡುವವರು ಎಲ್ಲರ ಮುಂದೆ ಹಣ್ಣನ್ನು ಎರಡು ಹೋಳು ಮಾಡಬೇಕು. ಬೀಜ ಹಿಂಡಿ ಎಲೆಯ ಮೇಲೆ ತೆಗೆದಿಡಬೇಕು. ಒಂದು ಹೋಳನ್ನು ತಾವು ತಿನ್ನಬೇಕು, ಇನ್ನೊಂದನ್ನು ಬೀಜ ಕೇಳಿದವರು ತಿನ್ನಬೇಕು. ತಿಂದ ಮೇಲೂ ಬೇಕು ಅನಿಸಿದರೆ ಬೀಜ ಕೈಗೆ. ಬೇಡ ಅನಿಸಿದರೆ ಬಾಯಿ ಒರೆಸಿಕೊಂಡು ಮುಂದಿನವರ ಹತ್ತಿರ. ಈ ಕ್ರಮವನ್ನು ಯಾರು ಶುರು ಮಾಡಿದರೋ ಗೊತ್ತಿಲ್ಲ. ತಲೆ ಇದ್ದವರು ಯಾರೋ ಇರಬೇಕು.

ಅದೇ ಕಾಡಿನಲ್ಲಿ ಸುಗಂಧರಾಯ ಎಂಬ ಪುನುಗು ಬೆಕ್ಕು ಇದ್ದ. ಅವನಿಗೆ ಹಿತ್ತಲಿರಲಿಲ್ಲ. ಅವನು ಗಿಡ ನೆಟ್ಟವನಲ್ಲ, ನೀರು ಹೊಯ್ದವನಲ್ಲ. ಮೈಯಿಂದ ಒಳ್ಳೆಯ ವಾಸನೆ ಬರುತ್ತಿತ್ತು, ಅಷ್ಟೇ. ವಾಸನೆ ಒಳ್ಳೆಯದಿದ್ದ ಮೇಲೆ ಮಾತೂ ಒಳ್ಳೆಯದೇ ಇರಬೇಕು ಎಂದು ಕಾಡಿನವರು ನಂಬಿದ್ದರು. ಒಂದು ಚಳಿಗಾಲ ಅವನು ನದಿ ದಾಟಿ ಹೋಗಿ ಮೂರು ತಿಂಗಳು ಅಲ್ಲೇ ಇದ್ದ. ತಿರುಗಿ ಬಂದಾಗ ಅವನ ಕೊರಳಲ್ಲಿ ಒಂದು ಚೀಲವಿತ್ತು. ಮಾತಿನಲ್ಲಿ ಸುಧಾರಣೆ ಎಂಬ ಪದವಿತ್ತು.

ಆ ವರ್ಷ ಬೀಜ ಹಂಚುವ ದಿನ ನಿಂಗಿ ಇನ್ನೂ ಮೊದಲ ಹಣ್ಣು ಹೆಚ್ಚುತ್ತಿದ್ದಳು. ಸುಗಂಧರಾಯ ಒಂದು ಕಲ್ಲು ಹತ್ತಿ ನಿಂತ.

"ನಿಲ್ಲಿಸಿ!" ಎಂದ. "ಇದೆಂಥ ಪದ್ಧತಿ? ಎದುರುಬದುರು ಕೂತು ಮೂತಿಗೆಲ್ಲ ರಸ ಸುರಿಸಿಕೊಳ್ಳೋದು! ನದಿಯಾಚೆಯವರು ನೋಡಿದರೆ ನಗ್ತಾರೆ."

"ನದಿಯಾಚೆಯವರು ಇಲ್ಲಿಗೆ ಯಾಕೆ ಬರ್ತಾರೆ?" ಎಂದಳು ಚೌಡವ್ವ.

"ಚೌಡಕ್ಕ, ಸ್ವಲ್ಪ ಸುಮ್ಮನಿರು," ಎಂದ ಜಾಂಬಣ್ಣ. "ರಾಯರು ತಿಳಿದುಕೊಂಡು ಬಂದಿದ್ದಾರೆ."

"ಏನು ತಿಳಿದುಕೊಂಡು ಬಂದಿದ್ದಾರೆ?"

"ಅದನ್ನೇ ಹೇಳ್ತಿದ್ದಾರೆ, ಕೇಳು."

ಸುಗಂಧರಾಯ ಮೀಸೆ ತೀಡಿಕೊಂಡ. "ಒಬ್ಬೊಬ್ಬರ ಹಿತ್ತಲಲ್ಲಿ ಒಂದೊಂದು ತಳಿ. ಒಂದು ಸಣ್ಣದು, ಒಂದು ದೊಡ್ಡದು, ಒಂದು ಸೊಟ್ಟ. ಇದೊಂದು ಕಾಡೋ, ಸಂತೆಯೋ? ಪರೀಕ್ಷೆ ಮಾಡೋಣ. ಅತ್ಯುತ್ತಮ ಟೊಮ್ಯಾಟೊ ಯಾವುದು ಅಂತ ಆರಿಸೋಣ. ಗೆದ್ದದ್ದನ್ನೇ ಎಲ್ಲರೂ ಬೆಳೆಯೋಣ."

ಎಲ್ಲರೂ ಚಪ್ಪಾಳೆ ತಟ್ಟಿದರು. ತಮ್ಮದೇ ಗೆಲ್ಲುತ್ತದೆ ಎಂದು ಪ್ರತಿಯೊಬ್ಬರಿಗೂ ಗ್ಯಾರಂಟಿ ಇತ್ತು. ಜಾಂಬಣ್ಣನಂತೂ ಮನೆಗೆ ಓಡಿಹೋಗಿ ತನ್ನ ಮಡಿಕೆಹಣ್ಣನ್ನು ಎಲೆಯಿಂದ ಉಜ್ಜಿ ಹೊಳಪು ಮಾಡಿಕೊಂಡು ಬಂದ.

ಪರೀಕ್ಷೆ ಮೂರು. ಮೊದಲನೆಯದು, ಹಣ್ಣು ಇಳಿಜಾರಿನಲ್ಲಿ ನೇರವಾಗಿ ಉರುಳಬೇಕು. ಮಡಿಕೆಹಣ್ಣು ಎರಡು ಸುತ್ತು ಉರುಳಿ ಮಗ್ಗುಲಾಗಿ ಮಲಗಿಬಿಟ್ಟಿತು. ಗೋಲಿಹಣ್ಣು ಉರುಳಿತು, ಆದರೆ ಹುಲ್ಲಿನಲ್ಲಿ ಕಳೆದುಹೋಯಿತು. ಎರಡನೆಯದು, ಬಂಡೆಯ ಮೇಲಿಂದ ಬೀಳಿಸಿದರೆ ಒಡೆಯಬಾರದು. ಚೌಡವ್ವನ ಸಾರುಹಣ್ಣು ಬಿದ್ದದ್ದೇ ಪಿಚಕ್ಕನೆ ಒಡೆದು, ರಸವೆಲ್ಲ ಸುಗಂಧರಾಯನ ಮೀಸೆಗೆ ಹಾರಿತು. ಎಲ್ಲರೂ ಗೊಳ್ಳೆಂದು ನಕ್ಕರು. ಸುಗಂಧರಾಯ ರಸವನ್ನು ನಾಲಿಗೆಯಿಂದ ಒರೆಸಿಕೊಂಡ. ಒಂದು ಸಲ ಒರೆಸಿದ್ದು ಸಾಲದೆ ಎರಡನೆಯ ಸಲವೂ ಒರೆಸಿದ. ನಗುವವರು ಅದನ್ನು ಗಮನಿಸಲಿಲ್ಲ. ಮೂರನೆಯದು, ಕಿತ್ತು ತಿಂಗಳಾದರೂ ಹಣ್ಣು ಮೆತ್ತಗಾಗಬಾರದು. ಅಂಥ ಹಣ್ಣು ಯಾರ ಹತ್ತಿರವೂ ಇರಲಿಲ್ಲ. ಟೊಮ್ಯಾಟೊವನ್ನು ತಿಂಗಳುಗಟ್ಟಲೆ ಇಡಬೇಕೆಂದು ಆ ಕಾಡಿನಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಆಗ ಸುಗಂಧರಾಯ ತನ್ನ ಚೀಲದಿಂದ ಒಂದು ಹಣ್ಣು ತೆಗೆದ. ಗುಂಡಗೆ, ಕೆಂಪಗೆ, ಬಣ್ಣ ಬಳಿದಂತೆ ಇತ್ತು. "ಇದು ಗುಂಡುರಾಜ. ಕಿತ್ತು ತಿಂಗಳಾಯ್ತು," ಎಂದ. ಉರುಳಿಸಿದ. ಗೆರೆ ಎಳೆದಂತೆ ಉರುಳಿತು. ಬಂಡೆಯ ಮೇಲಿಂದ ಬೀಳಿಸಿದ. ಅದು ಪುಟಿದು ಹೋಗಿ ನಿಂಗಿಯ ಕಿವಿಗೆ ಬಡಿಯಿತು. ಹಣ್ಣಿಗೆ ಏನೂ ಆಗಲಿಲ್ಲ. ಕಿವಿ ಊದಿಕೊಂಡಿತು.

"ಆಹಾ!" ಎಂದಿತು ಕಾಡು. ಕಿವಿ ಹಿಡಿದುಕೊಂಡು ನಿಂಗಿಯೂ ಆಹಾ ಎಂದಳು.

"ತಿಂದು ನೋಡೋದು ಯಾವಾಗ?" ಎಂದಳು ಚೌಡವ್ವ.

"ಏನು?"

"ಮೂರು ಪರೀಕ್ಷೆ ಆಯ್ತಲ್ಲ. ತಿಂದು ನೋಡೋ ಪರೀಕ್ಷೆ ಎಲ್ಲಿ?"

ಸುಗಂಧರಾಯ ಮರುಕದಿಂದ ನಕ್ಕ. "ಚೌಡವ್ವ, ಇಲ್ಲಿ ನಡೀತಿರೋದು ಊಟ ಅಲ್ಲ, ಆಯ್ಕೆ."

ಇದು ಬಹಳ ಆಳವಾದ ಮಾತು ಎಂದು ಎಲ್ಲರಿಗೂ ಅನಿಸಿತು. ಅರ್ಥವಾಗದ ಮಾತನ್ನೆಲ್ಲ ಅವರು ಆಳ ಎಂದೇ ತಿಳಿಯುತ್ತಿದ್ದರು.

ಗುಂಡುರಾಜ ಗೆದ್ದ. ಗೆದ್ದ ಮೇಲೆ ಷರತ್ತುಗಳು ಒಂದೊಂದಾಗಿ ಹೊರಬಂದವು. ಗುಂಡುರಾಜನ ಹಣ್ಣಿನ ಬೀಜ ಮೊಳೆಯುವುದಿಲ್ಲ, ಪ್ರತಿ ವರ್ಷವೂ ಹೊಸ ಬೀಜವನ್ನು ಸುಗಂಧರಾಯನ ಹತ್ತಿರದಿಂದಲೇ ತರಬೇಕು. ಅದಕ್ಕೆ ಪ್ರತಿಯಾಗಿ ತಾವು ಕೂಡಿಟ್ಟದ್ದರಲ್ಲಿ ಕಾಲು ಪಾಲು ಅವನಿಗೆ ಕೊಡಬೇಕು. ಕರಡಿ ಜೇನು, ಮೊಲ ನೆಲಗಡಲೆ, ಮುಳ್ಳುಹಂದಿ ಕಾಡುಗೆಣಸು.

"ಬೀಜ ಮೊಳೆಯಲ್ಲ ಅಂದ ಮೇಲೆ ಅದು ಹೇಗೆ ಒಳ್ಳೆ ಹಣ್ಣು?" ಎಂದಳು ಚೌಡವ್ವ.

"ಅಯ್ಯೋ ಅಕ್ಕ, ನಿಂದು ಯಾವಾಗಲೂ ಇದೇ," ಎಂದಳು ನಿಂಗಿ. "ಒಂದು ಒಳ್ಳೆ ಕೆಲಸ ಆಗೋಕೆ ಬಿಡಲ್ಲ."

"ಇನ್ನೊಂದು ವಿಷಯ," ಎಂದ ಸುಗಂಧರಾಯ. "ಹಳೆ ಗಿಡ ಪಕ್ಕದಲ್ಲಿದ್ದರೆ ಗುಂಡುರಾಜನಿಗೆ ರೋಗ ತಗಲುತ್ತೆ. ಹಳೆಯದನ್ನೆಲ್ಲ ಇವತ್ತೇ ಕೀಳಬೇಕು. ನಂಬಿಕೆ ಇಲ್ಲದಿದ್ದರೆ ಬನ್ನಿ, ರೋಗ ತೋರಿಸ್ತೀನಿ."

ಅವನು ಎಲ್ಲರನ್ನೂ ನೇರವಾಗಿ ಚೌಡವ್ವನ ಹಿತ್ತಲಿಗೆ ಕರೆದುಕೊಂಡು ಹೋದ. ಅಲ್ಲಿ ಹನ್ನೆರಡು ಸಾರುಹಣ್ಣಿನ ಗಿಡಗಳಿದ್ದವು. ನಡುಮಧ್ಯಾಹ್ನದ ಬಿಸಿಲು. ಎಲೆಗಳು ಅಂಚಿನಲ್ಲಿ ಸುರುಳಿಯಾಗಿದ್ದವು.

"ನೋಡಿ. ಮುದುಡು ರೋಗ."

ಚೌಡವ್ವನಿಗೆ ಮೈಯೆಲ್ಲ ಉರಿಯಿತು. "ರೋಗ ಅಲ್ಲ ಅದು! ಬಿಸಿಲಿಗೆ ಎಲೆ ಸುತ್ತಿಕೊಳ್ಳುತ್ತೆ, ಹೊತ್ತು ಇಳಿದ ಮೇಲೆ ಬಿಚ್ಚಿಕೊಳ್ಳುತ್ತೆ. ದಿನಾ ಆಗುತ್ತೆ. ನಿಮ್ಮ ಗಿಡದ್ದೂ ಹಾಗೇ ಆಗುತ್ತೆ, ನಿಮಗೇ ಗೊತ್ತು. ಸಂಜೆ ತನಕ ಇಲ್ಲೇ ಕೂತ್ಕೊಳ್ಳಿ. ಬಿಚ್ಚಲಿಲ್ಲ ಅಂದ್ರೆ ನಾನೇ ಕಿತ್ತು ಕೊಡ್ತೀನಿ."

"ರೋಗ ಸಂಜೆ ತನಕ ಕಾಯಲ್ಲ," ಎಂದ ಸುಗಂಧರಾಯ.

ಇಡೀ ಕಾಡಿನಲ್ಲಿ ಒಬ್ಬರಾದರೂ ಸಂಜೆಯ ತನಕ ಕೂರಬಹುದಿತ್ತು. ಯಾರಿಗೂ ಬೇರೆ ಕೆಲಸವಿರಲಿಲ್ಲ. ಹಿತ್ತಲಲ್ಲಿ ನೆರಳಿತ್ತು. ಆದರೂ ಒಬ್ಬರೂ ಕೂರಲಿಲ್ಲ.

ಚೌಡವ್ವ ಮುಳ್ಳುಗಳನ್ನೆಲ್ಲ ನಿಮಿರಿಸಿ ಗಿಡಗಳ ಮುಂದೆ ನಿಂತಳು. ಜಾಂಬಣ್ಣ ಮರದ ತೊಗಟೆಯೊಂದನ್ನು ಗುರಾಣಿಯಂತೆ ಮುಂದೆ ಹಿಡಿದುಕೊಂಡು ಬಂದ. "ಬೇಜಾರು ಮಾಡ್ಕೋಬೇಡ ಅಕ್ಕ. ಎಲ್ಲರ ಒಳ್ಳೇದಕ್ಕೆ," ಎಂದು ಅವಳನ್ನು ಮೂಲೆಗೆ ಒತ್ತಿ ಹಿಡಿದ. ಅವಳ ಮನೆಯಲ್ಲಿ ಅವನು ಉಂಡ ಸಾರಿಗೆ ಲೆಕ್ಕವಿಲ್ಲ. ನಿಂಗಿ ಗಿಡಗಳನ್ನು ಬುಡದಿಂದ ಕಡಿದು ಕಿತ್ತಳು. ಸುಗಂಧರಾಯ ಮನೆಯೊಳಗೆ ಹೋಗಿ ಸೋರೆಬುರುಡೆ ತಂದು, ಎಲ್ಲರ ಎದುರು ಹಳ್ಳದ ನೀರಿಗೆ ಸುರಿದ. ಬೂದಿ ಮೋಡದಂತೆ ಹರಡಿತು. ಬೀಜ ಹರಿದುಹೋಯಿತು.

"ಹಣ್ಣುಗಳನ್ನು ನನ್ನ ಗುಹೆಗೆ ತಂದುಹಾಕಿ," ಎಂದ ಸುಗಂಧರಾಯ. "ರೋಗದ ಹಣ್ಣು ಸುಡೋದು ಅಪಾಯದ ಕೆಲಸ. ಅದು ನನಗಿರಲಿ."

ಎಂಥ ತ್ಯಾಗ ಎಂದು ಎಲ್ಲರೂ ಮಾತಾಡಿಕೊಂಡರು. ಆಮೇಲೆ ತಮ್ಮ ತಮ್ಮ ಹಿತ್ತಲಿಗೆ ಹೋಗಿ ತಮ್ಮ ಗಿಡಗಳನ್ನೂ ತಾವೇ ಕಿತ್ತರು. ಬುಟ್ಟಿಗಟ್ಟಲೆ ಗೋಲಿಹಣ್ಣು, ಮಡಿಕೆಹಣ್ಣು, ಸಾರುಹಣ್ಣು ಗುಹೆ ಸೇರಿದವು. ಎಷ್ಟು ದಿನ ಕಳೆದರೂ ಗುಹೆಯ ಕಡೆಯಿಂದ ಹೊಗೆ ಮಾತ್ರ ಏಳಲಿಲ್ಲ. ಹೊಗೆ ಎಲ್ಲಿ ಎಂದು ಯಾರೂ ಕೇಳಲಿಲ್ಲ.

ಮಳೆ ಬಂತು. ಎಲ್ಲರೂ ಗುಂಡುರಾಜನನ್ನು ನೆಟ್ಟರು. ಚೌಡವ್ವನೂ ನೆಟ್ಟಳು. ನೆಡದೆ ಇದ್ದರೆ ಹಿತ್ತಲು ಬರಿದು. ಚಳಿಗಾಲಕ್ಕೆ ಹಣ್ಣು ಬಂತು. ಒಂದೇ ಗಾತ್ರ, ಒಂದೇ ಬಣ್ಣ, ಸಾಲಾಗಿ ನಿಂತ ಸಿಪಾಯಿಗಳಂತೆ. ಕಾಡು ಬಹಳ ಚೆನ್ನಾಗಿ ಕಾಣುತ್ತಿತ್ತು.

ತಿನ್ನುವವರೆಗೆ.

ಹಣ್ಣನ್ನು ಸಾರಿಗೆ ಹಾಕಿದರೆ ಸಾರು ಒಂದು ಕಡೆ, ಹಣ್ಣು ಒಂದು ಕಡೆ. ಹಿಚುಕಿದರೆ ಬೆರಳು ನೋಯುತ್ತಿತ್ತು. ಹೆಚ್ಚಿದರೆ ಒಳಗೆ ಬಿಳಿ ಬೆಂಡು. ನಿಂಗಿಯ ಮರಿಗಳು ಒಂದು ಕಚ್ಚಿ ಉಗಿದು, ಉಳಿದದ್ದರಲ್ಲಿ ಚೆಂಡಾಟ ಆಡಿದವು. ಚೆಂಡಾಟಕ್ಕೆ ಮಾತ್ರ ಹಣ್ಣು ನಿಜವಾಗಿ ಚೆನ್ನಾಗಿತ್ತು.

ಆದರೆ ಒಬ್ಬರೂ ಬಾಯಿ ಬಿಡಲಿಲ್ಲ. ಪರೀಕ್ಷೆಯಲ್ಲಿ ಗೆದ್ದ ಹಣ್ಣಿಗೆ ರುಚಿಯಿಲ್ಲ ಎಂದು ಹೇಳುವುದು ಹೇಗೆ? ಎಲ್ಲರೂ ತಮ್ಮ ನಾಲಿಗೆಯನ್ನೇ ಅನುಮಾನಿಸಿದರು. ಜಾಂಬಣ್ಣ ಒಂದು ದಿನ ಧೈರ್ಯ ಮಾಡಿ, "ರಾಯರೇ, ಸ್ವಲ್ಪ ಸಪ್ಪೆ ಅನಿಸುತ್ತೆ..." ಎಂದ.

"ಅಭ್ಯಾಸ ಇಲ್ಲ ನಿನಗೆ," ಎಂದ ಸುಗಂಧರಾಯ. "ಒಳ್ಳೆ ಪದಾರ್ಥದ ರುಚಿ ಹತ್ತೋಕೆ ಸಂಸ್ಕಾರ ಬೇಕು. ಇನ್ನೊಂದೆರಡು ವರ್ಷ ತಿನ್ನು."

ಜಾಂಬಣ್ಣ ನಾಚಿಕೊಂಡು ಮನೆಗೆ ಬಂದು ಇನ್ನೊಂದು ಗುಂಡುರಾಜನನ್ನು ಕಷ್ಟಪಟ್ಟು ತಿಂದ.

ಬೀಜ ಹಂಚುವ ದಿನ ಹತ್ತಿರ ಬಂದಾಗ ಸುಗಂಧರಾಯ ಮನೆಮನೆಗೆ ಹೇಳಿ ಕಳಿಸಿದ. ಈ ಸಲ ಕಾಲು ಪಾಲು ಸಾಲದು, ಅರ್ಧ ಬೇಕು. ಕೊಡದವರಿಗೆ ಬೀಜ ಇಲ್ಲ. ಕೊಡದೆ ಏನು ಮಾಡುವುದು? ಬೇರೆ ಬೀಜ ಯಾರ ಹತ್ತಿರ ಇದೆ? ಅರ್ಧ ಗೆಣಸು ಅಲ್ಲಿಗೆ ಹೋದ ಮೇಲೆ ಚೌಡವ್ವನಿಗೆ ಮನೆಯಲ್ಲಿ ಉಣ್ಣಲು ಉಳಿಯಲಿಲ್ಲ. ಹತ್ತಿರದ ಗೆಣಸನ್ನೆಲ್ಲ ಅಗೆದು ಮುಗಿಸಿದ್ದಳು. ಹುಡುಕುತ್ತ ಹುಡುಕುತ್ತ ಒಂದು ಬೆಳಿಗ್ಗೆ ಅವಳು ಯಾರೂ ಹೋಗದ ಜಾಗಕ್ಕೆ ಹೋದಳು.

ಯಾರೂ ಹೋಗದಿರಲು ಕಾರಣವಿತ್ತು. ಪುನುಗು ಬೆಕ್ಕುಗಳು ಕಂಡಕಂಡಲ್ಲಿ ಬಹಿರ್ದೆಸೆಗೆ ಕೂರುವುದಿಲ್ಲ. ಅವಕ್ಕೆ ಖಾಯಂ ಒಂದು ಜಾಗ ಬೇಕು, ದಿನವೂ ಅಲ್ಲಿಗೇ ಹೋಗಬೇಕು. ಗುಡ್ಡದ ಹಿಂದಿನ ಚಪ್ಪಟೆ ಬಂಡೆ ಸುಗಂಧರಾಯನ ಜಾಗ. ಮೈಗೆ ಎಷ್ಟೇ ಸುಗಂಧವಿದ್ದರೂ ಆ ಬಂಡೆಯ ವಾಸನೆ ಬೇರೆಯೇ ಆಗಿತ್ತು. ಅವನನ್ನು ಬಿಟ್ಟು ಇನ್ನಾರೂ ಆ ಕಡೆ ಸುಳಿಯುತ್ತಿರಲಿಲ್ಲ.

ಚೌಡವ್ವ ಮೂಗು ಮುಚ್ಚಿಕೊಂಡು ಬಂಡೆಯ ಆಚೆ ಬಗ್ಗಿ ನೋಡಿದಳು. ನೋಡಿ ಹಾಗೇ ನಿಂತುಬಿಟ್ಟಳು.

ಬಂಡೆಯ ಸುತ್ತ ಟೊಮ್ಯಾಟೊ ಗಿಡಗಳ ಪೊದೆಯೇ ಇತ್ತು. ಒಂದಲ್ಲ, ಎರಡಲ್ಲ, ನಲವತ್ತಕ್ಕೆ ಕಡಿಮೆಯಿಲ್ಲ. ಗೋಲಿಹಣ್ಣು ಗೊಂಚಲು ಗೊಂಚಲಾಗಿ ಜೋಲುತ್ತಿತ್ತು. ಮಡಿಕೆಹಣ್ಣು ಕೊಂಬೆಯನ್ನು ನೆಲಕ್ಕೆ ಎಳೆದಿತ್ತು. ಇವೆರಡೂ ಸೇರಿ ಹತ್ತು ಗಿಡ ಇದ್ದಿರಬಹುದು. ಉಳಿದದ್ದೆಲ್ಲ ಸಾರುಹಣ್ಣು. ಚಪ್ಪಟೆ, ತೆಳು ಸಿಪ್ಪೆ, ತೊಟ್ಟಿನ ಹತ್ತಿರ ಹಸಿರು.

ಹೇಗೆ ಬಂತು ಎಂದು ಕೇಳುವ ಅಗತ್ಯವೇ ಇರಲಿಲ್ಲ. ತಿಂದ ಹಣ್ಣಿನ ಬೀಜ ಹೊಟ್ಟೆಯಲ್ಲಿ ಕರಗುವುದಿಲ್ಲ. ಅದು ಹೋಗಬೇಕಾದ ದಾರಿಯಲ್ಲಿ ಹೋಗಿ, ಬೀಳಬೇಕಾದ ಕಡೆ ಬಿದ್ದು, ಮಳೆಗೆ ಮೊಳೆತಿತ್ತು.

ಚೌಡವ್ವ ಒಂದು ಹಣ್ಣನ್ನೂ ಮುಟ್ಟಲಿಲ್ಲ. ಕೋಪದಿಂದ ಮುಳ್ಳುಗಳು ಗಲಗಲ ಸದ್ದು ಮಾಡುತ್ತಿದ್ದವು. ಹಾಗೇ ಸದ್ದು ಮಾಡಿಕೊಂಡು ಜಾಂಬಣ್ಣನ ಮನೆಗೆ ಹೋದಳು.

"ಎದ್ದು ಬಾ."

"ಎಲ್ಲಿಗಕ್ಕ?"

"ರಾಯರ ಬಂಡೆಗೆ."

"ಅಯ್ಯಯ್ಯೋ! ಅಲ್ಲಿಗಾ? ಬೆಳಿಗ್ಗೆ ಬೆಳಿಗ್ಗೆ ಏನಾಯ್ತು ನಿನಗೆ?"

"ಮೂಗು ಮುಚ್ಚಿಕೊಂಡು ಬಾ. ಕಣ್ಣು ಮಾತ್ರ ತೆರೆದಿರಲಿ. ನಿಂಗೀನ ಕರ್ಕೊಂಡು ಬಾ, ಅವಳ ಮರಿಗಳನ್ನೂ. ಯಾರಾರು ನನ್ನ ಹಿತ್ತಲಿಗೆ ಬಂದಿದ್ದರೋ ಎಲ್ಲರೂ ಬರಬೇಕು."

ಎಲ್ಲರೂ ಬಂದರು. ಗೊಣಗುತ್ತ ಬಂದರು. ಬಂದವರು ಬಂಡೆಯ ಆಚೆ ನೋಡಿ ಗೊಣಗುವುದನ್ನು ನಿಲ್ಲಿಸಿದರು. ನಿಂಗಿಯ ಮರಿಯೊಂದು, "ಅವ್ವಾ, ನಮ್ಮ ಹಣ್ಣು!" ಎಂದು ಕೂಗಿತು. ನಿಂಗಿ ಅದರ ಬಾಯಿ ಮುಚ್ಚಿದಳು. ಯಾಕೆ ಮುಚ್ಚಿದಳೋ ಅವಳಿಗೇ ತಿಳಿಯದು.

ಅಷ್ಟರಲ್ಲಿ ಸುಗಂಧರಾಯ ಬಂದ. ಅವನನ್ನು ಯಾರೂ ಕರೆದಿರಲಿಲ್ಲ. ಅದು ಅವನ ಹೊತ್ತು, ಅಷ್ಟೇ. ಗುಡ್ಡ ಸುತ್ತಿ ಬಿರಬಿರನೆ ಬಂದವನು, ತನ್ನ ಬಂಡೆಯ ಸುತ್ತ ಇಡೀ ಕಾಡು ನಿಂತಿರುವುದನ್ನು ಕಂಡು ನಿಂತ. ಬಾಲವನ್ನು ಒತ್ತಿ ಹಿಡಿದುಕೊಂಡ.

"ಏನಿದು ಸಭೆ?" ಎಂದ.

"ನಿಮ್ಮ ತೋಟ ನೋಡೋಕೆ ಬಂದ್ವಿ ರಾಯರೇ," ಎಂದಳು ಚೌಡವ್ವ.

ಸುಗಂಧರಾಯ ಗಿಡಗಳನ್ನು ನೋಡಿದ. ಅವರನ್ನು ನೋಡಿದ. ಕಣ್ಣು ಎರಡು ಸಲ ಮಿಟುಕಿಸುವಷ್ಟರಲ್ಲಿ ಅವನ ಮುಖ ಗಂಭೀರವಾಯಿತು.

"ಹೇಳಬೇಕು ಅಂತಾನೇ ಇದ್ದೆ," ಎಂದ. "ಇದು ನನ್ನ ಸಂರಕ್ಷಣಾ ತೋಟ. ಹಳೆ ತಳಿಗಳು ಪೂರ್ತಿ ಹೋಗಬಾರದು ಅಂತ ಗುಟ್ಟಾಗಿ ಕಾಪಾಡಿಕೊಂಡು ಬಂದಿದ್ದೀನಿ. ನಿಮಗೋಸ್ಕರ."

ಜಾಂಬಣ್ಣನ ಮುಖ ಅರಳಿತು. "ನೋಡಿದ್ರಾ? ರಾಯರು ಸುಮ್ಮನೆ ದೊಡ್ಡವರಾಗಿಲ್ಲ..."

"ಜಾಂಬಣ್ಣ!" ಚೌಡವ್ವ ಅವನ ಕಡೆ ತಿರುಗಿದ ರಭಸಕ್ಕೆ ಅವನು ಎರಡು ಹೆಜ್ಜೆ ಹಿಂದೆ ಹೋದ. "ನಿನಗೆ ಇನ್ನೂ ಎಷ್ಟು ತೋರಿಸಬೇಕು? ರಾಯರೇ, ತೋಟ ಚೆನ್ನಾಗಿದೆ. ಬೀಜ ಹೇಗೆ ಬಿತ್ತಿದ್ರಿ? ಒಂಚೂರು ಮಾಡಿ ತೋರಿಸಿ, ನಾವೂ ಕಲಿತೀವಿ."

ನಿಂಗಿಯ ಮರಿಗಳು ಕಿಸಕ್ಕನೆ ನಕ್ಕವು. ಅವುಗಳ ಹಿಂದೆ ಯಾರೋ ದೊಡ್ಡವರೂ ನಕ್ಕರು.

"ಸುಡೋ ಮೊದಲು ಪರೀಕ್ಷೆಗೆ ಅಂತ ಒಂದೆರಡು ತಿಂದಿರಬಹುದು," ಎಂದ ಸುಗಂಧರಾಯ. ಅವನ ಧ್ವನಿ ಸ್ವಲ್ಪ ಸಣ್ಣದಾಗಿತ್ತು.

"ಒಂದೆರಡಾ?" ಈ ಸಲ ಕೇಳಿದ್ದು ನಿಂಗಿ. "ನಲವತ್ತು ಗಿಡ ಇದೆ ಇಲ್ಲಿ! ನನ್ನ ಮರಿಗಳು ಚಳಿಗಾಲವೆಲ್ಲ ಬೆಂಡು ತಿಂದಿವೆ. ನೀವು ಕೂತುಕೊಂಡು ಅವುಗಳ ಹಣ್ಣು ತಿಂದ್ರಾ?"

"ರೋಗದ ಹಣ್ಣು ಅಂದಿದ್ರಿ," ಎಂದಳು ಚೌಡವ್ವ. "ರೋಗ ಇದ್ದಿದ್ದು ನಿಜ ಆದ್ರೆ ಯಾಕೆ ತಿಂದ್ರಿ? ಸುಳ್ಳು ಆದ್ರೆ ನನ್ನ ಗಿಡ ಯಾಕೆ ಕೀಳಿಸಿದ್ರಿ? ಯಾವುದಾದರೂ ಒಂದಕ್ಕೆ ಉತ್ತರ ಕೊಡಿ. ನಿಮಗೆ ಸುಲಭ ಅನಿಸಿದ್ದಕ್ಕೇ ಕೊಡಿ."

ಸುಗಂಧರಾಯ ಬಾಲವನ್ನು ಇನ್ನೂ ಬಿಗಿಯಾಗಿ ಒತ್ತಿಕೊಂಡ.

"ಗುಂಡುರಾಜ ಒಂದೂ ಕಾಣಲ್ವಲ್ಲ ಇಲ್ಲಿ?" ಎಂದಳು ಚೌಡವ್ವ ಮತ್ತೆ.

"ಅದರ ಬೀಜ ಮೊಳೆಯಲ್ಲ ಅಂತ ಮೊದಲೇ ಹೇಳಿದ್ದೆ," ಎಂದ ಅವನು ಥಟ್ಟನೆ. ಅಷ್ಟು ಹೊತ್ತಿಗೆ ಅವನ ಹಿಂಗಾಲುಗಳು ಒಂದರ ಮೇಲೊಂದು ಹೆಣೆದುಕೊಂಡಿದ್ದವು. "ನಾನು ದಿನಾ ತಿನ್ನೋದು ಅದನ್ನೇ. ಇಲ್ಲಿ ಕಾಣಲ್ಲ, ಅಷ್ಟೇ."

"ಸರಿ," ಎಂದಳು ಚೌಡವ್ವ. "ಹಾಗಿದ್ರೆ ಒಂದು ತಿನ್ನಿ. ಎಲ್ಲರ ಮುಂದೆ."

ಜಾಂಬಣ್ಣ ಹೋಗಿ ತನ್ನ ಹಿತ್ತಲಿನಿಂದ ಒಂದು ಬುಟ್ಟಿ ಗುಂಡುರಾಜ ತಂದು ಬಂಡೆಯ ಮುಂದೆ ಇಟ್ಟ. ಸುಗಂಧರಾಯ ಒಂದನ್ನು ಎತ್ತಿಕೊಂಡು ಕಚ್ಚಿದ. ಹಲ್ಲು ಜಾರಿತು. ಮತ್ತೆ ಕಚ್ಚಿದ. ಅಗಿದ. ಅಗಿಯುತ್ತಲೇ ಇದ್ದ. ಎಲ್ಲರೂ ನೋಡುತ್ತ ನಿಂತರು. ಚಳಿಗಾಲವೆಲ್ಲ ತಾವು ಅಗಿದದ್ದನ್ನು ಇನ್ನೊಬ್ಬರ ದವಡೆಯಲ್ಲಿ ನೋಡಿದಾಗ ಅವರಿಗೆ ತಮ್ಮ ನಾಲಿಗೆಯ ಮೇಲೆ ಮತ್ತೆ ನಂಬಿಕೆ ಬಂತು. ಸುಗಂಧರಾಯ ಕಣ್ಣು ಮುಚ್ಚಿ ನುಂಗಲು ನೋಡಿದ. ಅರ್ಧ ಇಳಿಯಿತು, ಅರ್ಧ ಹೊರಗೆ ಬಂತು.

"ನನಗೆ... ಹೊಟ್ಟೆ ಸರಿಯಿಲ್ಲ," ಎಂದ.

ನದಿಯಾಚೆಯಿಂದ ಬಂದ ಮೇಲೆ ಅವನು ಆಡಿದ ಮೊದಲ ನಿಜ ಅದು.

ಅವನನ್ನು ಯಾರೂ ಹೊಡೆಯಲಿಲ್ಲ. ಆ ಯೋಚನೆ ಜಾಂಬಣ್ಣನಿಗೆ ಬಂದಿತ್ತು, ಚೌಡವ್ವ ಬೇಡ ಎಂದಳು. ಆ ಬಂಡೆಯ ಸುತ್ತಲಿನ ಜಾಗ ಇನ್ನು ಮೇಲೆ ಎಲ್ಲರ ಬೀಜದ ತೋಟ ಎಂದು ಮಾತ್ರ ತೀರ್ಮಾನವಾಯಿತು. ಬೀಜಕ್ಕೆ ಬಿಟ್ಟ ಹಣ್ಣು ಮಾಗುವವರೆಗೆ ಕಾವಲು ಬೇಕಲ್ಲ? ಹಗಲೂ ರಾತ್ರಿಯೂ ಒಬ್ಬರಾದ ಮೇಲೆ ಒಬ್ಬರು ಕಾವಲು ನಿಂತರು. ನೀರು ಹೊಯ್ಯುವವರು, ಕಳೆ ಕೀಳುವವರು, ಸುಮ್ಮನೆ ಹರಟೆಗೆ ಬಂದವರು. ಜನವೋ ಜನ.

ಸುಗಂಧರಾಯನಿಗೆ ನದಿಯ ಈಚೆ ಬೇರೆ ಜಾಗ ಒಗ್ಗುತ್ತಿರಲಿಲ್ಲ. ಹುಟ್ಟಿದಾಗಿನಿಂದ ಆ ಬಂಡೆಯೇ ಅಭ್ಯಾಸ. ಮೊದಲ ದಿನ ಅವನು ದೂರದಿಂದ ಇಣುಕಿ ನೋಡಿ ತಿರುಗಿ ಹೋದ. ಎರಡನೆಯ ದಿನ ನಾಲ್ಕು ಸಲ ಬಂದ. ಮೂರನೆಯ ದಿನ ಅವನಿಗೆ ನೆಟ್ಟಗೆ ನಡೆಯಲಾಗುತ್ತಿರಲಿಲ್ಲ.

"ಏನ್ ರಾಯರೇ, ತೋಟಕ್ಕೆ ಬರ್ತೀರಾ?" ಎಂದು ನಿಂಗಿಯ ಮರಿಗಳು ಕೂಗಿದವು. "ಬಿತ್ತನೆ ಇದೆಯಾ ಇವತ್ತು?"

ನಾಲ್ಕನೆಯ ದಿನ ಅವನ ಗುಹೆ ಖಾಲಿಯಾಗಿತ್ತು. ಅವನು ನದಿಯ ಕಡೆಗೆ ಓಡಿದ್ದನ್ನು ಕೆಲವರು ಕಂಡಿದ್ದರು. ಗುಹೆಯೊಳಗೆ ಎಲ್ಲರ ಜೇನು, ನೆಲಗಡಲೆ, ಗೆಣಸು ಸಿಕ್ಕವು. ಗುಂಡುರಾಜನ ಹಣ್ಣು ಒಂದೂ ಇರಲಿಲ್ಲ.

ಬೀಜ ಹಂಚುವ ದಿನ ಬಂತು. ನಿಂಗಿ ಸ್ವಲ್ಪ ಅನುಮಾನಿಸಿದಳು. "ಅಕ್ಕ, ಎಷ್ಟಾದರೂ ಅದು... ಆ ಜಾಗದ್ದು."

"ತೊಳೆದ್ರೆ ಹೋಗುತ್ತೆ," ಎಂದಳು ಚೌಡವ್ವ. "ಹಳ್ಳಕ್ಕೆ ಸುರಿದಿದ್ರಲ್ಲ, ಆ ಬೀಜ ಎಷ್ಟು ತೊಳೆದ್ರೂ ವಾಪಸ್ ಬರ್ತಿರಲಿಲ್ಲ."

"ಸುರಿದದ್ದು ರಾಯರು," ಎಂದ ಜಾಂಬಣ್ಣ ಮೆಲ್ಲಗೆ.

ಚೌಡವ್ವ ಅವನನ್ನು ದಿಟ್ಟಿಸಿ ನೋಡಿದಳು. "ಹೌದು. ಸುರಿದದ್ದು ಅವನು. ನನ್ನನ್ನು ಮೂಲೆಗೆ ಒತ್ತಿ ಹಿಡಿದದ್ದು ಯಾರ ಕೈ? ಗಿಡ ಕಡಿದದ್ದು ಯಾರ ಹಲ್ಲು? ಗಿಡ ಕೀಳೋಕೆ ಅವನು ಬರೀ ಬಾಯಲ್ಲಿ ಹೇಳಿದ. ಒಂದು ಎಲೆಯನ್ನೂ ಮುಟ್ಟಲಿಲ್ಲ. ಕಿತ್ತು ಹಾಕಿದ್ದು ನೀವು. ಸಂಜೆ ತನಕ ಕಾಯಿರಿ ಅಂತ ಅಂಗಲಾಚಿದೆ. ಒಂದು ಸಂಜೆ! ಅಷ್ಟೂ ಆಗಲಿಲ್ಲ ನಿಮ್ಮ ಕೈಲಿ."

ಜಾಂಬಣ್ಣ ನೆಲ ನೋಡುತ್ತ ನಿಂತ. "ನನಗೂ ಸಾರುಹಣ್ಣಿನ ಬೀಜ ಬೇಕಿತ್ತು ಅಕ್ಕ," ಎಂದ. "ಈ ಸಲ ನನ್ನ ಹಿತ್ತಲಲ್ಲೂ ಹಾಕ್ತೀನಿ. ಒಂದೇ ಕಡೆ ಇರೋದು ಬೇಡ."

"ಕೊಡ್ತೀನಿ," ಎಂದಳು ಚೌಡವ್ವ. "ಮೊದಲು ನನ್ನ ಹಿತ್ತಲಲ್ಲಿ ಹನ್ನೆರಡು ನೆಟ್ಟು ಕೊಡು. ಆಮೇಲೆ ನಿನ್ನದು."

ಮೊದಲ ಮಳೆ ಬಿದ್ದ ಮೇಲೆ ಜಾಂಬಣ್ಣ ಸಸಿ ಹಿಡಿದು ಅವಳ ಹಿತ್ತಲಿಗೆ ಬಂದ. ದಪ್ಪ ಪಂಜ, ಎಳೆ ಸಸಿ. ಮಂಡಿಯೂರಿ ಕೂತು ಒಂದೊಂದಾಗಿ ನೆಟ್ಟ. ನಿಂಗಿ ನೀರು ತಂದು ಹೊಯ್ದಳು. ಚೌಡವ್ವ ಪಕ್ಕದಲ್ಲಿ ನಿಂತು ನೋಡುತ್ತಿದ್ದಳು. ಸಹಾಯ ಮಾಡಲಿಲ್ಲ.

"ಸಾಕಾ ಅಕ್ಕ?" ಎಂದು ಆರನೆಯದಕ್ಕೆ ಜಾಂಬಣ್ಣ ಬೆವರು ಒರೆಸಿಕೊಂಡು ಕೇಳಿದ.

"ಇನ್ನೂ ಆರಿದೆ," ಎಂದಳು ಚೌಡವ್ವ. "ಅದು ಸೊಟ್ಟ ನೆಟ್ಟಿದ್ದೀಯ. ಕಿತ್ತು ಮತ್ತೆ ನೆಡು. ಬೇರಿಗೆ ನೋವಾಗದ ಹಾಗೆ ಕೀಳು."

ನೀತಿ: ನಮ್ಮ ಹಿತ್ತಲಲ್ಲಿ ಏನು ಬೆಳೆಯಬೇಕೆಂದು ಹೇಳಲು ಬಂದವನು ತಾನು ಏನು ತಿನ್ನುತ್ತಾನೆಂದು ನಾವು ಮೊದಲು ನೋಡಬೇಕು. ನೋಡದೆ ಅವನ ಮಾತಿಗೆ ನೆರೆಯವರ ಗಿಡ ಕಿತ್ತರೆ, ಆ ತಪ್ಪು ಅವನೊಬ್ಬನದಲ್ಲ, ಕಿತ್ತವರದ್ದೂ ಹೌದು.